ಅಜ್ಜಿಯ ತೊಂಬತ್ತಾರು, ನಿನ್ನ ಮೂವತ್ತಾರು

ನಿನ್ನ ರಿಪೋರ್ಟ್ ಓದಿದೆ, ಮಗು. ರಕ್ತದ ಸಕ್ಕರೆಯ ಮಟ್ಟ ಹೇಳುವ ಎಚ್‌ಬಿಎ1ಸಿ 6.1 ಇದೆ. ಅದರ ಜೊತೆಗೆ ನೀನು ಕಳಿಸಿದ ಸಾಲನ್ನೂ ಓದಿದೆ: "ಯೋಚನೆ ಮಾಡಬೇಡಿ ದೊಡ್ಡಮ್ಮ, ಅಜ್ಜಿಯ ವಂಶ ನಮ್ಮದು, ಆಯಸ್ಸು ಗಟ್ಟಿ." ಅದೇ ವಾರ ನಿನ್ನ ಹೆಂಡತಿ ಫೋನಿನಲ್ಲಿ ಇದಕ್ಕೆ ತದ್ವಿರುದ್ಧವಾದ ಮಾತಾಡಿದಳು. ಅವಳ ಸಕ್ಕರೆ ಸರಿಯಾಗಿದೆ. ಆದರೆ ಅವಳಪ್ಪ ಐವತ್ತೆರಡಕ್ಕೆ ಹೃದಯಾಘಾತದಿಂದ ಹೋದರು. ಅವರ ತಂದೆಯೂ ಅರವತ್ತು ಕಂಡವರಲ್ಲ. "ನಮ್ಮ ಮನೆತನಕ್ಕೆ ದೇವರು ಬರೆದದ್ದೇ ಅಷ್ಟು, ದೊಡ್ಡತ್ತೆ" ಅಂದಳು. ಆ ಮಾತು ನನ್ನನ್ನು ಬಹಳ ನೋಯಿಸಿತು.

ಒಂದೇ ಸೂರಿನಡಿ ಒಬ್ಬನು ವಂಶವನ್ನು ನಂಬಿ ನಿಶ್ಚಿಂತನಾಗಿದ್ದಾನೆ, ಇನ್ನೊಬ್ಬಳು ವಂಶಕ್ಕೆ ಹೆದರಿ ನಿದ್ದೆಗೆಟ್ಟಿದ್ದಾಳೆ. ಅದಕ್ಕೇ ಇಬ್ಬರಿಗೂ ಸೇರಿಸಿ ಬರೆಯುತ್ತಿದ್ದೇನೆ. ಮೆಡಿಕಲ್ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು ನಾನು. ನೀನು ನೆಚ್ಚಿಕೊಂಡಿರುವ ಅಜ್ಜಿಯ ಹಿರಿಯ ಮಗಳೂ ಹೌದು. ಈ ವಿಷಯದಲ್ಲಿ ನನಗಿರುವ ಕಾಳಜಿ ಪುಸ್ತಕದ್ದಷ್ಟೇ ಅಲ್ಲ.

ಆಯಸ್ಸಿನಲ್ಲಿ ವಂಶದ ಪಾಲು ಎಷ್ಟು ಎನ್ನುವುದನ್ನು ಮೊದಲು ತಿಳಿದುಕೊಳ್ಳಿ. ಡೆನ್ಮಾರ್ಕಿನಲ್ಲಿ 1870ರಿಂದ 1900ರ ನಡುವೆ ಹುಟ್ಟಿದ ಅವಳಿಗಳ ದಾಖಲೆಯೊಂದಿದೆ. ಅದರಲ್ಲಿ 2872 ಜೋಡಿಗಳು ಎಷ್ಟೆಷ್ಟು ವರ್ಷ ಬದುಕಿದರೆಂದು ಹುಡುಕಿ 1996ರಲ್ಲಿ ಲೆಕ್ಕ ಪ್ರಕಟಿಸಿದರು. ಒಂದೇ ಅಂಡದಿಂದಾದ ಅವಳಿಗಳ ವಂಶವಾಹಿಗಳು ಹೆಚ್ಚುಕಡಿಮೆ ಪೂರ್ತಿ ಒಂದೇ. ಎರಡು ಅಂಡದ ಅವಳಿಗಳಲ್ಲಿ ಬೇರೆ ಒಡಹುಟ್ಟಿದವರಂತೆ ಸುಮಾರು ಅರ್ಧ. ಎರಡೂ ಬಗೆಯವರನ್ನು ಹೋಲಿಸಿ ನೋಡಿದಾಗ, ಜನರ ಆಯಸ್ಸಿನ ನಡುವಿನ ಹೆಚ್ಚುಕಡಿಮೆಯಲ್ಲಿ ವಂಶವಾಹಿಗಳ ಪಾಲು ಗಂಡಸರಲ್ಲಿ ಶೇಕಡ 26, ಹೆಂಗಸರಲ್ಲಿ ಶೇಕಡ 23 ಎಂದು ಬಂತು. ಡೆನ್ಮಾರ್ಕಿನ ಜೊತೆಗೆ ಫಿನ್ಲೆಂಡ್, ಸ್ವೀಡನ್ನಿನ ಅವಳಿಗಳನ್ನೂ ಸೇರಿಸಿ ಮುಂದೆ ನಡೆದ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಅರವತ್ತು ವಯಸ್ಸಿನವರೆಗೆ ಈ ಪಾಲು ಇದ್ದೂ ಇಲ್ಲದಂತೆ. ಅಲ್ಲಿಂದ ಮುಂದೆಯೇ ಅದು ಏರುತ್ತದೆ.

2018ರಲ್ಲಿ ಅಮೆರಿಕದ ಸಂಶೋಧಕರು ಹತ್ತಾರು ಕೋಟಿ ಜನರ ವಂಶವೃಕ್ಷಗಳನ್ನು ಜಾಲಾಡಿ ಶೇಕಡ 10ಕ್ಕಿಂತಲೂ ಕಡಿಮೆ ಅಂದರು. ಅವರು ಗಮನಿಸಿದ ಒಂದು ವಿಷಯ ನಮ್ಮವರಿಗೆ ಹೊಸದೇನಲ್ಲ. ರಕ್ತಸಂಬಂಧವೇ ಇಲ್ಲದ ಬೀಗರ ಕಡೆಯವರ ಆಯಸ್ಸೂ ಒಂದಕ್ಕೊಂದು ಹೋಲುತ್ತಿತ್ತು. ಜನ ತಮ್ಮಂತೆಯೇ ಉಣ್ಣುವ, ಓದಿದ, ಬದುಕುವ ಮನೆಗಳಲ್ಲೇ ಸಂಬಂಧ ಬೆಳೆಸುತ್ತಾರಲ್ಲ, ಅದರಿಂದ. ಇನ್ನೊಂದು ಕಡೆ, ಅಪಘಾತ, ಸೋಂಕುಗಳಂಥ ಹೊರಗಿನ ಕಾರಣದ ಸಾವುಗಳನ್ನು ಲೆಕ್ಕದಿಂದ ಬೇರ್ಪಡಿಸಿದರೆ ವಂಶದ ಪಾಲು ಅರ್ಧದಷ್ಟಾಗುತ್ತದೆ ಎಂದು ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ಈಚೆಗೆ ವಾದಿಸಿದ್ದಾರೆ. ಯಾವ ಸಂಖ್ಯೆ ಹಿಡಿದರೂ ಒಂದು ಮಾತು ಮರೆಯಬೇಡಿ. ಇವೆಲ್ಲ ಇಡೀ ಜನಸಮೂಹದ ಲೆಕ್ಕಗಳು. ಶೇಕಡ 25 ಅಂದರೆ ನಿನ್ನ ಆಯಸ್ಸಿನ ಕಾಲುಭಾಗವನ್ನು ಅಜ್ಜಿ ಆಗಲೇ ಕಟ್ಟಿಕೊಟ್ಟಿದ್ದಾಳೆ ಎಂದರ್ಥವಲ್ಲ.

ಇನ್ನು ಅಜ್ಜಿಯ ವಿಷಯ. ಅವಳು ತೊಂಬತ್ತಾರರವರೆಗೆ ಬದುಕಿದಳು ಎನ್ನುವುದು ನಿಮಗೆಲ್ಲ ಗೊತ್ತು. ಅವಳ ತಾಯಿ ಹೆತ್ತ ಎಂಟು ಮಕ್ಕಳಲ್ಲಿ ಐದು ಹತ್ತು ವರ್ಷ ತುಂಬುವ ಮೊದಲೇ ಹೋದವು ಎನ್ನುವುದನ್ನು ಮನೆಯಲ್ಲಿ ಯಾರೂ ನೆನೆಯುವುದಿಲ್ಲ. ಸಿಡುಬು, ವಾಂತಿಭೇದಿ, ಹೆಸರಿಲ್ಲದ ಜ್ವರ. ದೇಶಕ್ಕೆ ಸ್ವಾತಂತ್ರ್ಯ ಬಂದಾಗಲೂ ನಮ್ಮವರ ಸರಾಸರಿ ಆಯಸ್ಸು ಮೂವತ್ತೆರಡರ ಆಸುಪಾಸಿನಲ್ಲಿತ್ತು. ಈಗ ಎಪ್ಪತ್ತರ ಹತ್ತಿರ ಇದೆ. ಈ ಎರಡು ತಲೆಮಾರುಗಳಲ್ಲಿ ನಮ್ಮ ವಂಶವಾಹಿಗಳು ಬದಲಾಗಿಲ್ಲ. ಶುದ್ಧ ನೀರು, ಲಸಿಕೆ, ಆಂಟಿಬಯೋಟಿಕ್ ಬಂದವು. ಅಜ್ಜಿಯ ಒಡಹುಟ್ಟಿದವರನ್ನು ಕೊಂದದ್ದು ವಂಶವಲ್ಲ. ಹಾಗೆಯೇ ಅಜ್ಜಿಯನ್ನು ಉಳಿಸಿದ್ದೆಲ್ಲ ವಂಶವೇ ಅನ್ನುವಂತೆಯೂ ಇಲ್ಲ. ಬಾವಿಯಿಂದ ನೀರು ಸೇದಿ, ಒನಕೆ ಹಿಡಿದು ಭತ್ತ ಕುಟ್ಟಿ, ಕಣದಿಂದ ಮನೆಗೆ ದಿನಕ್ಕೆ ಎಷ್ಟೋ ಸಲ ನಡೆದವಳು ಅವಳು. ಆ ದೇಹಕ್ಕೆ ಒದಗಿದ್ದ ವಂಶವಾಹಿಗಳು ನಿನ್ನಲ್ಲೂ ಒಂದಿಷ್ಟು ಇರಬಹುದು. ಆ ದಿನಚರಿ ನಿನ್ನಲ್ಲಿ ಇಲ್ಲ.

ಹಾಗಿದ್ದರೆ ದೀರ್ಘಾಯುಸ್ಸು ಮನೆತನದಲ್ಲಿ ಹರಿದುಬರುವುದೇ ಇಲ್ಲವೇ? ಬರುತ್ತದೆ, ಅದು ನಿಜ. ಆದರೆ ಏನಾಗಿ ಬರುತ್ತದೆ ಎನ್ನುವುದೇ ನಾನು ಹೇಳಬೇಕೆಂದಿರುವ ಮುಖ್ಯ ಮಾತು. ಇದನ್ನು ನಾನು ಕಂಡಂತೆ ಅತ್ಯಂತ ಸೊಗಸಾಗಿ ಬಿಡಿಸಿ ತೋರಿಸಿದವರು ನೆದರ್‌ಲ್ಯಾಂಡ್ಸಿನ ಲೈಡನ್ ವಿಶ್ವವಿದ್ಯಾಲಯದವರು. ಎಲೀನ್ ಸ್ಲಾಗ್‌ಬೂಮ್, ರೂಡಿ ವೆಸ್ಟೆನ್‌ಡಾರ್ಪ್ ಮತ್ತು ಜೊತೆಗಾರರು 2002ರಲ್ಲಿ ಈ ಕೆಲಸ ಶುರುಮಾಡಿದರು. ಗಂಡಾದರೆ 89, ಹೆಣ್ಣಾದರೆ 91 ದಾಟಿದ ಕನಿಷ್ಠ ಇಬ್ಬರು ಒಡಹುಟ್ಟಿದವರು ಬದುಕಿರುವ 421 ಕುಟುಂಬಗಳನ್ನು ಹುಡುಕಿದರು. ಮುದುಕರನ್ನು ಪರೀಕ್ಷಿಸಿ ಅಷ್ಟಕ್ಕೇ ಬಿಟ್ಟಿದ್ದರೆ ಹೆಚ್ಚೇನೂ ತಿಳಿಯುತ್ತಿರಲಿಲ್ಲ, ಏಕೆಂದರೆ ತೊಂಬತ್ತರ ದೇಹದಲ್ಲಿ ಯಾವುದು ದೀರ್ಘಾಯುಸ್ಸಿನ ಕಾರಣ, ಯಾವುದು ಮುಪ್ಪಿನ ಪರಿಣಾಮ ಎಂದು ಬೇರೆ ಮಾಡಲು ಬರುವುದಿಲ್ಲ. ಹಾಗಾಗಿ ಅವರು ಆ ಮುದುಕರ ಮಕ್ಕಳನ್ನು ಕರೆದರು. ಆ ಮಕ್ಕಳ ಗಂಡ ಅಥವಾ ಹೆಂಡತಿಯನ್ನೂ ಕರೆದರು. ಎಲ್ಲರೂ ಸುಮಾರು ಅರವತ್ತರವರು. ಒಂದೇ ಮನೆ, ಒಂದೇ ಅಡುಗೆ, ಒಂದೇ ಊರಿನ ಗಾಳಿ. ಬೇರೆಯಾದದ್ದು ಹುಟ್ಟಿದ ಮನೆತನ ಮಾತ್ರ.

ನೋಡಿ, ಅದು ನೀವಿಬ್ಬರೇ. ಅಜ್ಜಿಯ ಮೊಮ್ಮಗ ಒಂದು ಕಡೆ, ಅವನ ಕೈಹಿಡಿದವಳು ಇನ್ನೊಂದು ಕಡೆ.

ಆ ಮಕ್ಕಳಲ್ಲಿ ಸಕ್ಕರೆ ಕಾಯಿಲೆ ಇದ್ದವರು ಶೇಕಡ 4.4, ಅವರ ಸಂಗಾತಿಗಳಲ್ಲಿ ಶೇಕಡ 7.6. ಹೃದಯಾಘಾತವೂ ರಕ್ತದೊತ್ತಡವೂ ಮಕ್ಕಳಲ್ಲೇ ಕಡಿಮೆ. ಸಕ್ಕರೆ ಕಾಯಿಲೆ ಇಲ್ಲದವರನ್ನು ಮಾತ್ರ ಆರಿಸಿ, ಗ್ಲೂಕೋಸ್ ಕುಡಿಸಿ ನೋಡಿದಾಗಲೂ ದೀರ್ಘಾಯುಗಳ ಮಕ್ಕಳ ರಕ್ತದಲ್ಲಿ ಸಕ್ಕರೆ ಕಡಿಮೆ ಏರಿತು. ಮುಂದೆ ಇನ್ನೂ ಸೂಕ್ಷ್ಮವಾದ ಪರೀಕ್ಷೆ ಮಾಡಿ ಅದರ ಕಾರಣ ದೇಹದ ಯಾವ ಭಾಗದಲ್ಲಿದೆ ಎಂದು ಹುಡುಕಿದರು. ಯಕೃತ್ತಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಇನ್ಸುಲಿನ್ ಕೊಟ್ಟಾಗ ಸಕ್ಕರೆಯನ್ನು ಚುರುಕಾಗಿ ಒಳಗೆಳೆದುಕೊಳ್ಳುತ್ತಿದ್ದದ್ದು ಯಕೃತ್ತಿನ ಆಚೆಗಿನ ಭಾಗಗಳು, ಮುಖ್ಯವಾಗಿ ಸ್ನಾಯುಗಳು. ದೀರ್ಘಾಯುಗಳ ಮನೆತನದವರು ಸಂಗಾತಿಗಳಿಗಿಂತ ತೆಳ್ಳಗಿದ್ದರು ಎಂದೂ ಅಲ್ಲ. ತೂಕ ಹೆಚ್ಚುಕಡಿಮೆ ಒಂದೇ ಇತ್ತು. ಉಂಡ ಅನ್ನವನ್ನು ದೇಹ ನಡೆಸಿಕೊಳ್ಳುವ ರೀತಿ ಬೇರೆ ಇತ್ತು.

ತೊಂಬತ್ತಾರು ವರ್ಷದ ಆಯಸ್ಸು ನಡುವಯಸ್ಸಿನಲ್ಲಿ ಹೇಗೆ ಕಾಣುತ್ತದೆ ಎಂದು ಕೇಳಿದರೆ ಹೀಗೆ ಕಾಣುತ್ತದೆ, ಮಗು: ಊಟವಾದ ಎರಡು ಗಂಟೆಗೆ ಸಕ್ಕರೆ ತಗ್ಗಿರುತ್ತದೆ. ನಿನ್ನ ರಿಪೋರ್ಟು ಈ ಚಿತ್ರಕ್ಕೆ ಹೊಂದುವುದಿಲ್ಲ. ಎಚ್‌ಬಿಎ1ಸಿ 5.7ರಿಂದ 6.4ರ ನಡುವೆ ಬಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು ಎನ್ನುತ್ತಾರೆ. ಮೂವತ್ತಾರಕ್ಕೇ ಹೊಸ್ತಿಲಿನಲ್ಲಿ ನಿಂತಿದ್ದೀಯ ಅಂದರೆ ಎರಡರಲ್ಲಿ ಒಂದು: ಅಜ್ಜಿಯಲ್ಲಿದ್ದ ಆ ಅನುಕೂಲ ಅಮ್ಮನನ್ನು ದಾಟಿ ನಿನ್ನವರೆಗೆ ಬಂದಿಲ್ಲ, ಅಥವಾ ಬಂದದ್ದನ್ನು ನಿನ್ನ ದಿನಚರಿ ಮುಚ್ಚಿಹಾಕುತ್ತಿದೆ. ಅಜ್ಜಿಯ ವಂಶವಾಹಿಗಳಲ್ಲಿ ಮೊಮ್ಮಗನಿಗೆ ಸರಾಸರಿ ಕಾಲುಭಾಗ ಬರುತ್ತದೆ. ಯಾವ ಕಾಲು ಎಂದು ಯಾರೂ ಆರಿಸಲಾರರು. ವಂಶದ ಹೆಸರು ಪೂರ್ತಿಯಾಗಿ ಬರುತ್ತದೆ, ವಂಶವಾಹಿ ಹಾಗೆ ಬರುವುದಿಲ್ಲ.

ಒಂದು ಹಳೆಯ ನಂಬಿಕೆಯನ್ನು ಇಲ್ಲೇ ಬಿಡಿಸಿಬಿಡುತ್ತೇನೆ. ದೇಹದ ಒಲೆ ನಿಧಾನವಾಗಿ ಉರಿದರೆ ಆಯಸ್ಸು ಹೆಚ್ಚು ಎನ್ನುವ ಮಾತಿದೆ. ರೇಮಂಡ್ ಪರ್ಲ್ ಎಂಬ ವಿಜ್ಞಾನಿ 1928ರಲ್ಲಿ ಇದರ ಮೇಲೆ ಪುಸ್ತಕವನ್ನೇ ಬರೆದರು. ಅದನ್ನೇ ಹಿಡಿದು "ಹೆಚ್ಚು ಓಡಾಡಬಾರದು, ಶಕ್ತಿ ಉಳಿಸಬೇಕು" ಎನ್ನುವ ಹಿರಿಯರು ನಮ್ಮ ಬೀದಿಯಲ್ಲೂ ಇದ್ದಾರೆ. ಲೈಡನ್ ಕುಟುಂಬಗಳಲ್ಲಿ ಥೈರಾಯ್ಡಿಗೆ ಸಂಬಂಧಿಸಿದ ಹಾರ್ಮೋನುಗಳು ಕೊಂಚ ಬೇರೆಯಾಗಿದ್ದವು ಎನ್ನುವುದು ನಿಜ. ಆದರೆ ಅವರು ವಿಶ್ರಾಂತಿಯಲ್ಲಿ ಖರ್ಚುಮಾಡುವ ಶಕ್ತಿಯನ್ನು ಅಳೆದು ನೋಡಿದಾಗ ಸಂಗಾತಿಗಳಿಗಿಂತ ಬೇರೆಯಾಗಿರಲಿಲ್ಲ. ಚಯಾಪಚಯ ಎಂದರೆ ವೇಗವೊಂದೇ ಅಲ್ಲ. ಕೂತಿದ್ದು ಶಕ್ತಿ ಉಳಿಸುವ ಆಲೋಚನೆಯನ್ನು ಬಿಟ್ಟುಬಿಡು.

ಹಾಗಾದರೆ ಯಾವ ವಂಶವಾಹಿ ಇದನ್ನೆಲ್ಲ ಮಾಡಿಸುತ್ತದೆ ಎಂದು ನೀನು ಕೇಳೇ ಕೇಳುತ್ತೀಯ. ಕಂಪ್ಯೂಟರಿನವನು, ಒಂದು ಗುಂಡಿ ಎಲ್ಲೋ ಇರಲೇಬೇಕು ಅನ್ನಿಸುತ್ತದೆ. ಹುಳುವಿನಲ್ಲಿ ಅಂಥ ಗುಂಡಿ ಸಿಕ್ಕಿತು. 1993ರಲ್ಲಿ ಸಿಂಥಿಯಾ ಕೆನ್ಯನ್ ಒಂದು ಮಿಲಿಮೀಟರಿನಷ್ಟು ಉದ್ದದ ಹುಳುವಿನಲ್ಲಿ ಡಾಫ್-2 ಎಂಬ ಒಂದೇ ವಂಶವಾಹಿಯ ಕೆಲಸ ತಗ್ಗಿದ್ದರಿಂದ ಆಯಸ್ಸು ಎರಡರಷ್ಟಾದದ್ದನ್ನು ತೋರಿಸಿದರು. ಆ ವಂಶವಾಹಿ ನಮ್ಮ ಇನ್ಸುಲಿನ್ ವ್ಯವಸ್ಥೆಯ ದಾಯಾದಿ ಎಂದು ಆಮೇಲೆ ಗೊತ್ತಾಯಿತು. ಹುಳುವಿನಿಂದ ಮನುಷ್ಯನವರೆಗೆ ಆಯಸ್ಸಿನ ದಾರಿ ಆಹಾರವನ್ನು ಬಳಸಿಕೊಳ್ಳುವ ದಾರಿಯ ಪಕ್ಕದಲ್ಲೇ ಹೋಗುತ್ತದೆ ಎಂಬುದು ಎಷ್ಟು ದೊಡ್ಡ ತಿಳಿವಳಿಕೆ! ಆ ವಿಷಯ ಪಾಠ ಮಾಡುವಾಗ ಪ್ರತಿ ವರ್ಷವೂ ನನಗೆ ಮೈ ಜುಮ್ಮೆನ್ನುತ್ತಿತ್ತು. ಮನುಷ್ಯನಲ್ಲಿ ಮಾತ್ರ ಅಷ್ಟು ಸರಳವಾಗಿಲ್ಲ. ಅನೇಕ ದೇಶಗಳ ಜನರಲ್ಲಿ ಮತ್ತೆ ಮತ್ತೆ ಕಂಡದ್ದು ಮುಖ್ಯವಾಗಿ ಎರಡು. ಒಂದು, ಕೊಬ್ಬನ್ನು ರಕ್ತದಲ್ಲಿ ಸಾಗಿಸುವ ಎಪೋ-ಇ. ಅದರ ನಾಲ್ಕನೆಯ ಬಗೆ ಇದ್ದವರು ತೊಂಬತ್ತು ದಾಟುವುದು ಕಡಿಮೆ, ಎರಡನೆಯ ಬಗೆಯವರು ಹೆಚ್ಚು. ಇನ್ನೊಂದು ಫಾಕ್ಸೋ-3, ಇದು ಇನ್ಸುಲಿನ್ ಸಂದೇಶದ ದಾರಿಯಲ್ಲೇ ಬರುತ್ತದೆ; 2008ರಲ್ಲಿ ಹವಾಯಿಯ ಜಪಾನಿ ಮೂಲದ ವೃದ್ಧರಲ್ಲಿ ಅದರ ನಂಟು ಮೊದಲು ಕಂಡಿತು. ಎರಡರ ಪರಿಣಾಮವೂ ಒಬ್ಬ ಮನುಷ್ಯನ ಮಟ್ಟಿಗೆ ಚಿಕ್ಕದು.

ಲೈಡನ್ನಿನವರು 2010ರಲ್ಲಿ ಇನ್ನೊಂದು ವಿಷಯ ಪ್ರಕಟಿಸಿದರು. ತೊಂಬತ್ತು ದಾಟಿದ ಆ ಮುದುಕರಲ್ಲಿ ಹೃದ್ರೋಗ, ಕ್ಯಾನ್ಸರ್, ಸಕ್ಕರೆ ಕಾಯಿಲೆಗಳ ಅಪಾಯ ಹೆಚ್ಚಿಸುವ ವಂಶವಾಹಿ ಬಗೆಗಳು ಎಷ್ಟಿವೆ ಎಂದು ಎಣಿಸಿದರು. ಸಾಮಾನ್ಯ ಜನರಲ್ಲಿ ಎಷ್ಟಿವೆಯೋ ಅಷ್ಟೇ ಇದ್ದವು.

ಇದನ್ನು ನೀನು ನಿಧಾನವಾಗಿ ಓದಬೇಕು, ಕಣಮ್ಮ. ಕೆಟ್ಟ ವಂಶವಾಹಿಗಳನ್ನು ಹೊತ್ತುಕೊಂಡೇ ಅವರೆಲ್ಲ ತೊಂಬತ್ತು ದಾಟಿದ್ದರು. ಅಪ್ಪನಿಂದ ನಿನಗೆ ಏನೋ ಬಂದಿದೆ ಎಂದೇ ಇಟ್ಟುಕೊಳ್ಳೋಣ. ಬಂದದ್ದು ತೀರ್ಪಲ್ಲ. ನಿನ್ನ ಅಪ್ಪ ದಿನಕ್ಕೆ ಎರಡು ಪ್ಯಾಕು ಸಿಗರೇಟು ಸೇದುತ್ತಿದ್ದರು ಎಂದು ನೀನೇ ಹೇಳಿದ್ದೀಯ. ಬಿಪಿ ಮಾತ್ರೆಯನ್ನು ತಿಂಗಳುಗಟ್ಟಲೆ ಬಿಟ್ಟಿದ್ದರು ಎಂದೂ ಹೇಳಿದೆ. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ವೈದ್ಯಕೀಯ ಓದಿದ ಸಲೀಂ ಯೂಸುಫ್ ಅವರ ನೇತೃತ್ವದಲ್ಲಿ 52 ದೇಶಗಳಲ್ಲಿ ಹೃದಯಾಘಾತದ ಕಾರಣಗಳ ಅಧ್ಯಯನ ನಡೆಯಿತು, 2004ರಲ್ಲಿ ಫಲಿತಾಂಶ ಬಂತು. ತಂಬಾಕು, ಕೆಟ್ಟ ಕೊಬ್ಬು, ರಕ್ತದೊತ್ತಡ, ಸಕ್ಕರೆ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು ತರಕಾರಿಯ ಕೊರತೆ, ವ್ಯಾಯಾಮದ ಕೊರತೆ, ಮದ್ಯದ ಅಭ್ಯಾಸ, ಈ ಒಂಬತ್ತೇ ಸೇರಿ ಮೊದಲ ಹೃದಯಾಘಾತದ ಅಪಾಯದಲ್ಲಿ ಶೇಕಡ 90ರಷ್ಟನ್ನು ವಿವರಿಸಿದವು. ನಮ್ಮ ದಕ್ಷಿಣ ಏಷ್ಯಾದವರಿಗೆ ಹೃದಯಾಘಾತ ಬೇರೆಯವರಿಗಿಂತ ಐದಾರು ವರ್ಷ ಮೊದಲೇ ಬರುತ್ತಿತ್ತು. ಕಾರಣಗಳು ಮಾತ್ರ ಅವೇ, ಅವು ನಮ್ಮಲ್ಲಿ ಚಿಕ್ಕ ವಯಸ್ಸಿಗೇ ಸೇರಿಕೊಳ್ಳುತ್ತಿದ್ದವು. ಸಿಗರೇಟು ಮಕ್ಕಳಿಗೆ ಬಳುವಳಿಯಾಗಿ ಬರುವುದಿಲ್ಲ. ನುಂಗದೆ ಬಿಟ್ಟ ಮಾತ್ರೆಯೂ ಬರುವುದಿಲ್ಲ.

ಹಾಗಂತ ನಿನ್ನ ಭಯವನ್ನು ತಳ್ಳಿಹಾಕುವವಳೂ ಅಲ್ಲ ನಾನು. ಅಪ್ಪನಿಗೆ 55ರೊಳಗೆ, ಅಮ್ಮನಿಗೆ 65ರೊಳಗೆ ಹೃದಯದ ಕಾಯಿಲೆ ಬಂದಿದ್ದರೆ ವೈದ್ಯರು ಅದನ್ನು ಗಂಭೀರವಾಗಿಯೇ ತೆಗೆದುಕೊಳ್ಳುತ್ತಾರೆ. ಅದಕ್ಕೆ ಎರಡು ಪರೀಕ್ಷೆ ಇವೆ. ಮೊದಲನೆಯದು ಎಲ್‌ಡಿಎಲ್ ಕೊಲೆಸ್ಟರಾಲ್. ಕೆಲವು ಮನೆತನಗಳಲ್ಲಿ ಯಕೃತ್ತು ಎಲ್‌ಡಿಎಲ್ಲನ್ನು ರಕ್ತದಿಂದ ಸರಿಯಾಗಿ ತೆಗೆಯಲಾರದ ದೋಷ ಇರುತ್ತದೆ. ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅದರ ಮೂಲ ಬಿಡಿಸಿ 1985ರಲ್ಲಿ ನೊಬೆಲ್ ಪಡೆದರು. ಅಂಥ ದೋಷ ಇರುವ ತಂದೆ ಅಥವಾ ತಾಯಿಯಿಂದ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ಮಾತ್ರೆ ಇಲ್ಲದೆ ಎಲ್‌ಡಿಎಲ್ 190 ದಾಟಿದ್ದರೆ ಇದರ ಅನುಮಾನ ಪಡಬೇಕು. ಎರಡನೆಯದು ಲೈಪೋಪ್ರೋಟೀನ್-ಎ. ಅದರ ಮಟ್ಟವನ್ನು ಬಹುಪಾಲು ವಂಶವಾಹಿಯೇ ಗೊತ್ತುಮಾಡುತ್ತದೆ, ಜೀವನಪೂರ್ತಿ ಹೆಚ್ಚು ಬದಲಾಗುವುದಿಲ್ಲ, ಹಾಗಾಗಿ ಒಂದು ಸಲ ನೋಡಿದರೆ ಸಾಕು. ಅದು ಜಾಸ್ತಿ ಇದ್ದರೆ ಉಳಿದದ್ದನ್ನೆಲ್ಲ, ಅದರಲ್ಲೂ ಎಲ್‌ಡಿಎಲ್ಲನ್ನು, ಇನ್ನಷ್ಟು ಬಿಗಿಯಾಗಿ ಹಿಡಿಯಬೇಕು.

ಬೇಗ ತಿಳಿದರೆ ಏನು ಲಾಭ ಎನ್ನುವುದಕ್ಕೂ ವಂಶವಾಹಿಯೇ ಉತ್ತರ ಕೊಟ್ಟಿದೆ. ಅಮೆರಿಕದ ಕಪ್ಪು ಜನರಲ್ಲಿ ನೂರಕ್ಕೆ ಎರಡು ಮೂರು ಮಂದಿಗೆ ಪಿಸಿಎಸ್‌ಕೆ9 ಎಂಬ ವಂಶವಾಹಿ ಕೆಲಸ ಮಾಡದ ಹಾಗೆ ಬದಲಾಗಿರುತ್ತದೆ. ಜೊನಾಥನ್ ಕೋಹೆನ್, ಹೆಲೆನ್ ಹಾಬ್ಸ್ ಅವರು 2006ರಲ್ಲಿ ತೋರಿಸಿದಂತೆ ಅವರ ಎಲ್‌ಡಿಎಲ್ ಶೇಕಡ 28 ಮಾತ್ರ ಕಡಿಮೆ, ಆದರೆ ಹೃದಯದ ರಕ್ತನಾಳದ ಕಾಯಿಲೆ ಶೇಕಡ 88 ಕಡಿಮೆ. ಇಷ್ಟು ಸಣ್ಣ ಇಳಿತಕ್ಕೆ ಅಷ್ಟು ದೊಡ್ಡ ಫಲ ಬಂದದ್ದು ಏಕೆಂದರೆ ಆ ಇಳಿತ ಹುಟ್ಟಿದಾರಭ್ಯ ಇತ್ತು. ಐವತ್ತಕ್ಕೆ ಶುರುಮಾಡಿದ ಕಟ್ಟುನಿಟ್ಟು ಮೂವತ್ತಕ್ಕೆ ಶುರುಮಾಡಿದ ಸಾಧಾರಣ ಎಚ್ಚರಕ್ಕೆ ಸಮವಾಗುವುದಿಲ್ಲ. ನಿನಗೀಗ ಮೂವತ್ಮೂರು. ಅಪ್ಪನಿಗೆ ಸಿಗದ ಇಪ್ಪತ್ತು ವರ್ಷ ನಿನ್ನ ಕೈಯಲ್ಲಿವೆ. ವಿಶ್ವೇಶ್ವರಯ್ಯನವರು ಹುಡುಗರಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡವರು. ತಾವು ನೂರರ ಗಡಿ ದಾಟಿ ಬದುಕಿದರು. ತಂದೆಯ ಆಯಸ್ಸನ್ನು ನೋಡಿ ಮಕ್ಕಳ ಆಯಸ್ಸನ್ನು ಬರೆದಿಡಲು ಯಾರಿಗೂ ಸಾಧ್ಯವಿಲ್ಲ.

ಈಗ ನಮ್ಮ ಜನರ ದೇಹದ ವಿಷಯಕ್ಕೆ ಬರುತ್ತೇನೆ. ಡಚ್ಚರ ಲೆಕ್ಕವನ್ನು ಹಾಗೇ ತಂದು ನಮಗೆ ಹಚ್ಚಲಾಗದು. ಪುಣೆಯ ಡಾ. ಯಾಜ್ಞಿಕ್ ಅಲ್ಲಿಯ ಹಳ್ಳಿಗಳಲ್ಲಿ ಹುಟ್ಟಿದ ಕೂಸುಗಳನ್ನು ಇಂಗ್ಲೆಂಡಿನ ಕೂಸುಗಳೊಂದಿಗೆ ಹೋಲಿಸಿದ್ದಾರೆ. ನಮ್ಮವು ಸರಾಸರಿ 2.7 ಕಿಲೋ, ಅವರವು 3.5. ತೂಕ ಅಷ್ಟು ಕಡಿಮೆಯಿದ್ದರೂ ನಮ್ಮ ಕೂಸುಗಳ ಚರ್ಮದಡಿಯ ಕೊಬ್ಬು ಆ ಪ್ರಮಾಣದಲ್ಲಿ ಕಡಿಮೆಯಿರಲಿಲ್ಲ, ಕಡಿಮೆಯಿದ್ದದ್ದು ಸ್ನಾಯು. ಸಣ್ಣಗೆ ಕಾಣುವ ಮೈಯೊಳಗೆ ಕೊಬ್ಬು, ಅದೂ ಹೊಟ್ಟೆಯ ಸುತ್ತ. ಆದ್ದರಿಂದಲೇ ನಮ್ಮಲ್ಲಿ ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು ಎಂದು ಗೆರೆ ಎಳೆದಿದ್ದಾರೆ. "ನಾನು ದಪ್ಪ ಇಲ್ಲವಲ್ಲ" ಎನ್ನುತ್ತೀಯ ನೀನು, ಮಗು. ಪ್ಯಾಂಟಿನ ಸೈಜು ನೋಡಬೇಡ, ಹೊಕ್ಕುಳ ಮಟ್ಟದಲ್ಲಿ ಟೇಪು ಹಿಡಿದು ನೋಡು.

ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ನಾವೆಲ್ಲ ಮಿಷನ್ ಆಸ್ಪತ್ರೆ ಎನ್ನುವುದು, ಅಲ್ಲಿ 1934ರಿಂದ ಮುಂದಿನ ಹೆರಿಗೆ ದಾಖಲೆಗಳನ್ನು ಜೋಪಾನವಾಗಿ ಇಟ್ಟಿದ್ದರು. ಆಗ ಹುಟ್ಟಿದವರನ್ನು ನಡುವಯಸ್ಸಿನಲ್ಲಿ ಹುಡುಕಿ, ಪರೀಕ್ಷಿಸಿ 1996ರಲ್ಲಿ ಪ್ರಕಟಿಸಿದರು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಶೇಕಡ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು, 3.1 ಕಿಲೋ ಮೇಲಿದ್ದವರಲ್ಲಿ ಶೇಕಡ 3. ಅದೇ ಆಸ್ಪತ್ರೆಯಲ್ಲಿ ಮುಂದೆ ಡಾ. ಕೃಷ್ಣವೇಣಿ ಮತ್ತು ಜೊತೆಗಾರರು ಬಸುರಿನಲ್ಲಿ ಸಕ್ಕರೆ ಏರಿದ್ದ ತಾಯಂದಿರ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಆ ಮಕ್ಕಳಲ್ಲಿ, ಮುಖ್ಯವಾಗಿ ಹೆಣ್ಣುಮಕ್ಕಳಲ್ಲಿ, ಕೊಬ್ಬೂ ಇನ್ಸುಲಿನ್ನೂ ಎಳೆಯ ವಯಸ್ಸಿಗೇ ಹೆಚ್ಚಾಗಿದ್ದವು. ತಾಯಿಯ ಹೊಟ್ಟೆಯಲ್ಲಿ ಸಿಕ್ಕ ಪೋಷಣೆಯೂ ಮನೆತನದಲ್ಲಿ ಹರಿದುಬರುತ್ತದೆ. ಹೊರಗಿನಿಂದ ನೋಡುವವರಿಗೆ ಅದು ವಂಶದಂತೆಯೇ ಕಾಣುತ್ತದೆ, ಆದರೆ ಅದು ವಂಶವಾಹಿಯಲ್ಲ. ಮುಂದಿನ ವರ್ಷ ಮಗುವಿನ ಯೋಚನೆ ಇದೆ ಎಂದಿರಲ್ಲ. ಬಸುರಿಯಾಗುವ ಮೊದಲೇ ನಿನ್ನ ರಕ್ತಹೀನತೆ ಸರಿಮಾಡಿಕೊ ತಾಯಿ. ಕಾಳು, ಸೊಪ್ಪು, ಹಾಲು, ಮೊಟ್ಟೆ ಏನು ಒಗ್ಗುತ್ತದೋ ಅದನ್ನು ಹೊಟ್ಟೆ ತುಂಬ ಉಣ್ಣು. ಬಸುರಿಯಾದಾಗ ಸಕ್ಕರೆ ಪರೀಕ್ಷೆಯನ್ನು ಒಂದೇ ಸಲ ಮಾಡಿಸಿ ಸುಮ್ಮನಾಗಬೇಡ. ಆಯಸ್ಸಿನ ವಿಷಯದಲ್ಲಿ ನೀವು ಮಗುವಿಗೆ ಕೊಡುವ ಮೊದಲ ಬಳುವಳಿ ಅದು.

ಇಷ್ಟೆಲ್ಲ ಓದಿದ ಮೇಲೆ "ಹಾಗಾದರೆ ನಾನೇನು ಮಾಡಲಿ" ಎನ್ನುವೆ, ಮಗು. ನಾನು ಪಾಠ ಮಾಡಿದ ರಸಾಯನದಲ್ಲೇ ಇದಕ್ಕೆ ಉತ್ತರ ಇದೆ. ಸ್ನಾಯುವಿನ ಕೋಶದೊಳಗೆ ಗ್ಲೂಟ್-4 ಎಂಬ ಪ್ರೋಟೀನು ಇದೆ. ಇನ್ಸುಲಿನ್ ಬಂದು ತಟ್ಟಿದಾಗ ಅದು ಕೋಶದ ಹೊರಪೊರೆಗೆ ಬಂದು ಸಕ್ಕರೆಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ದೀರ್ಘಾಯುಗಳ ಮಕ್ಕಳಲ್ಲಿ ಚುರುಕಾಗಿದ್ದದ್ದು ಇನ್ಸುಲಿನ್ನಿಗೆ ಸ್ನಾಯು ಓಗೊಡುವ ಈ ಕೆಲಸವೇ. ಈಗ ಕೇಳು. ಸ್ನಾಯು ದುಡಿಯುವಾಗ ಇನ್ಸುಲಿನ್ ತಟ್ಟದಿದ್ದರೂ ಅದೇ ಗ್ಲೂಟ್-4 ಹೊರಪೊರೆಗೆ ಬರುತ್ತದೆ. ದುಡಿದ ಸ್ನಾಯು ಆಮೇಲೂ ಎಷ್ಟೋ ಹೊತ್ತು ಇನ್ಸುಲಿನ್ನಿನ ಮಾತನ್ನು ಚೆನ್ನಾಗಿ ಕೇಳುತ್ತದೆ. ಆ ಮನೆತನಗಳಿಗೆ ಹುಟ್ಟಿನಿಂದ ಬಂದ ಅನುಕೂಲವನ್ನು ನಡೆಯುವ ಕಾಲು ಬೇರೆ ದಾರಿಯಿಂದ ತಂದುಕೊಡುತ್ತದೆ ಎಂದಾಯಿತು. ವಂಶ ಕೊಡದಿದ್ದದ್ದನ್ನು ದಿನವೂ ಸಂಪಾದಿಸಿಕೊಳ್ಳಲು ದೇಹವೇ ಈ ಇನ್ನೊಂದು ದಾರಿಯನ್ನು ತೆರೆದಿಟ್ಟಿದೆ.

ಇದು ಬರಿಯ ಸಿದ್ಧಾಂತವಲ್ಲ. ಚೆನ್ನೈನಲ್ಲಿ ಡಾ. ರಾಮಚಂದ್ರನ್ ಅವರ ತಂಡ ನಿನ್ನಂತೆಯೇ ಹೊಸ್ತಿಲಲ್ಲಿದ್ದವರನ್ನು ಮೂರು ವರ್ಷ ನೋಡಿಕೊಂಡು 2006ರಲ್ಲಿ ಫಲ ಪ್ರಕಟಿಸಿತು. ಸಾಮಾನ್ಯ ಸಲಹೆ ಪಡೆದವರಲ್ಲಿ ಶೇಕಡ 55 ಮಂದಿಗೆ ಸಕ್ಕರೆ ಕಾಯಿಲೆ ಬಂತು; ಊಟ ಮತ್ತು ನಡಿಗೆ ತಿದ್ದಿಕೊಂಡವರಲ್ಲಿ ಶೇಕಡ 39. ಅವರ ತೂಕ ಹೇಳಿಕೊಳ್ಳುವಷ್ಟೇನೂ ಇಳಿದಿರಲಿಲ್ಲ. ಆದರೂ ಲಾಭ ಸಿಕ್ಕಿತು. ಮೊದಲ ಸಂಖ್ಯೆಯನ್ನು ಮತ್ತೆ ಓದು. ಮೂರೇ ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಜನ. ನಮ್ಮ ಜನರಲ್ಲಿ ಹೊಸ್ತಿಲು ದಾಟುವುದು ಇಷ್ಟು ಬೇಗ. ಲೈಡನ್ನಿನವರೂ ದೀರ್ಘಾಯುಗಳ ಮಕ್ಕಳಿಗೂ ಅವರ ಸಂಗಾತಿಗಳಿಗೂ ಹದಿಮೂರು ವಾರ ಊಟದ ಶಕ್ತಿಯನ್ನು ಎಂಟನೆಯ ಒಂದು ಪಾಲು ತಗ್ಗಿಸಿ, ಓಡಾಟವನ್ನು ಅಷ್ಟೇ ಹೆಚ್ಚಿಸಿ ನೋಡಿದರು. ಅರವತ್ತು ದಾಟಿದವರಲ್ಲೂ ಸರಾಸರಿ ಮೂರು ಕಿಲೋ ಇಳಿಯಿತು, ಸೊಂಟ ತಗ್ಗಿತು, ರಕ್ತದ ಲೆಕ್ಕಗಳು ಸುಧಾರಿಸಿದವು. ನಿನ್ನ ವಯಸ್ಸು ಅವರದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು.

ಅಡುಗೆಮನೆಯ ವಿಷಯದಲ್ಲಿ ಉಪದೇಶ ಬೆಳೆಸುವುದಿಲ್ಲ. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ, ಸಂಜೆ ಬಿಸ್ಕತ್ತು, ರಾತ್ರಿ ಹನ್ನೊಂದಕ್ಕೆ ಮೊಬೈಲಿನಲ್ಲಿ ತರಿಸಿದ ಬಿರಿಯಾನಿ ಎಂದರೆ ದಿನವೆಲ್ಲ ಪಿಷ್ಟವೇ. ಅನ್ನ ಬಿಟ್ಟು ಮುದ್ದೆ ಹಿಡಿದರೆ ಸಾಕು ಎನ್ನುವವರಿದ್ದಾರೆ. ರಾಗಿಯಲ್ಲಿ ನಾರು ಹೆಚ್ಚು, ಆದರೂ ಅದು ಪಿಷ್ಟವೇ, ಎರಡು ಮುದ್ದೆ ಎರಡೇ. ತಟ್ಟೆಯಲ್ಲಿ ಕಾಳು ಪಲ್ಯಗಳ ಪಾಲು ಅನ್ನದ ಪಾಲಿಗಿಂತ ದೊಡ್ಡದಿರಲಿ, ರಾತ್ರಿ ಊಟ ಎಂಟರೊಳಗೆ ಮುಗಿಯಲಿ, ಎರಡೂ ಊಟದ ನಂತರ ಇಬ್ಬರೂ ಇಪ್ಪತ್ತು ನಿಮಿಷ ನಡೆಯಿರಿ. ವಾರಕ್ಕೆ ಎರಡು ಮೂರು ಸಲ ಭಾರ ಎತ್ತುವ ಕೆಲಸ ಮಾಡಿ, ಜಿಮ್ಮಿನಲ್ಲಾದರೂ ಸರಿ, ಮನೆಯಲ್ಲಾದರೂ ಸರಿ. ನಮಗೆ ಹುಟ್ಟಿನಿಂದ ಕೊರತೆಯಿರುವುದು ಸ್ನಾಯು ತಾನೇ.

ಅಜ್ಜಿ ಕೊನೆಯವರೆಗೆ ಹೋಳಿಗೆಗೆ ತುಪ್ಪ ಸುರಿದುಕೊಂಡಳು ಎಂದು ನೀನು ವಾದಿಸುವುದನ್ನೂ ಬಲ್ಲೆ. ನ್ಯೂಯಾರ್ಕಿನ ನೀರ್ ಬಾರ್ಜಿಲೈ ನೂರರ ಆಸುಪಾಸಿನ ಯಹೂದಿ ವೃದ್ಧರನ್ನು ಅಧ್ಯಯನ ಮಾಡಿದಾಗ ಅವರ ಸಿಗರೇಟು, ತೂಕ, ವ್ಯಾಯಾಮಗಳೆಲ್ಲ ಅದೇ ಕಾಲದ ಸಾಮಾನ್ಯ ಜನರಂತೆಯೇ ಇದ್ದವು. ಅಂಥವರನ್ನು ಅವರ ವಂಶವಾಹಿ ಕಾಪಾಡಿತು ಎನ್ನಬಹುದು. ಅದೇ ಅಭ್ಯಾಸಗಳಿದ್ದ ಅವರ ಓರಗೆಯವರು ಅಧ್ಯಯನಕ್ಕೆ ಸಿಗಲಿಲ್ಲ, ಏಕೆಂದರೆ ಅವರು ಬದುಕಿರಲಿಲ್ಲ. ನಿನ್ನ ರಕ್ತದ ಸಂಖ್ಯೆ ಬೇರೆ ಹೇಳುತ್ತಿರುವಾಗ ಅಜ್ಜಿಯ ರಿಯಾಯಿತಿ ನಿನಗೂ ಇದೆ ಎಂದು ನಂಬುವುದನ್ನು ನಾನು ಒಪ್ಪಲಾರೆ.

ಎಂಜಲು ಕಳಿಸಿ ವಂಶವಾಹಿ ಓದಿಸಿಕೊಳ್ಳುವ ಕಿಟ್ ತರಿಸಲೇ ಎಂದು ಕೇಳಿದ್ದೀಯ. ಆಯಸ್ಸನ್ನು ಹೇಳುವ ಶಕ್ತಿ ಅದಕ್ಕಿಲ್ಲ. ಆ ದುಡ್ಡಿಗೆ ನೀನು ಮೂರು ತಿಂಗಳ ನಂತರ ಎಚ್‌ಬಿಎ1ಸಿ ಮತ್ತೆ ಮಾಡಿಸು, ಜೊತೆಗೆ ಟ್ರೈಗ್ಲಿಸರೈಡೂ ಬಿಪಿಯೂ ನೋಡಿಸು. ಅವಳಿಗೆ ನಾನು ಹೇಳಿದ ಎರಡು ಪರೀಕ್ಷೆ ಈ ತಿಂಗಳೇ ಆಗಲಿ. ಫಲಿತಾಂಶಗಳನ್ನು ನನಗೆ ಕಳಿಸುವ ಮುಂಚೆ ನಿಮ್ಮ ವೈದ್ಯರಿಗೆ ತೋರಿಸಿ. ನಾನು ಪಾಠ ಹೇಳುವವಳು, ಔಷಧಿ ಬರೆಯುವವಳಲ್ಲ.

ಇನ್ನೊಂದು ಕೆಲಸವಿದೆ, ಅದಕ್ಕೆ ಖರ್ಚಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಎರಡೂ ಕಡೆಯ ಮೂರು ತಲೆಮಾರಿನವರ ಹೆಸರು ಬರೆದು, ಯಾರು ಯಾವ ವಯಸ್ಸಿಗೆ ಯಾವುದರಿಂದ ಹೋದರು, ಸಕ್ಕರೆ, ಬಿಪಿ ಯಾರಿಗೆ ಎಷ್ಟನೇ ವಯಸ್ಸಿಗೆ ಶುರುವಾಯಿತು, ತಂಬಾಕು ಇತ್ತೇ ಎಂದು ತುಂಬಿಸಿ. "ವಯಸ್ಸಾಗಿತ್ತು, ಹೋದರು" ಎನ್ನುವ ಉತ್ತರಕ್ಕೆ ತೃಪ್ತರಾಗಬೇಡಿ. ನಮ್ಮ ಕಡೆಯದನ್ನು ನಾನು ಬರೆದುಕೊಡುತ್ತೇನೆ. ತೀರಿಕೊಂಡ ಐದು ಮಕ್ಕಳ ವಿಷಯ ನಂಜನಗೂಡಿನ ಚಿಕ್ಕಜ್ಜಿಗೆ ನನಗಿಂತ ಚೆನ್ನಾಗಿ ಗೊತ್ತು, ಅವರಿಗೂ ಫೋನು ಮಾಡು. ನಿನ್ನ ಕಡೆಯದನ್ನು ನೀನು ನಿನ್ನ ಅಮ್ಮನ ಹತ್ತಿರ ಕೂತು ಬರೆಸಿಕೊ, ಕಣಮ್ಮ. ಅಪ್ಪನ ಹಳೆಯ ರಕ್ತಪರೀಕ್ಷೆಯ ಕಾಗದಗಳಲ್ಲಿ ಕೊಲೆಸ್ಟರಾಲ್ ಎಷ್ಟಿತ್ತು ಎನ್ನುವುದು ಸಿಕ್ಕರೆ ನಿನ್ನ ವೈದ್ಯರಿಗೆ ಬಹಳ ಉಪಯೋಗವಾಗುತ್ತದೆ. ಸಿಕ್ಕರೆ ಅದರ ಒಂದು ಜೆರಾಕ್ಸ್ ನಿನ್ನ ತಮ್ಮನಿಗೂ ಕೊಡು. ಅವನೂ ಮೂವತ್ತು ದಾಟಿದ್ದಾನೆ, ಸಿಗರೇಟು ಬಿಟ್ಟಿಲ್ಲ ಎಂದು ಕೇಳಿದೆ.